ಮಕಾಡೆ ಮಲಗಿಸುವ ಕೈಗಳು

ಈ ಕಾಯಿಲೆಗೆ ಕನ್ನಡದಲ್ಲಿ ಹೆಸರಿಲ್ಲ. ಕೇಸ್ ಶೀಟಿನ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ ಬರೆದಿರ್ತಾರೆ, ಎ.ಆರ್.ಡಿ.ಎಸ್. ಅಂತ. ಐಸಿಯು ಬಾಗಿಲ ಹೊರಗೆ ಟವಲು ಹಾಸಿಕೊಂಡು ಮೂರು ದಿನದಿಂದ ಕೂತವರು ಕೇಳ್ತಾರೆ: 'ನಮ್ಮಪ್ಪಂಗೆ ಏನಾಗದೆ ಬ್ರದರ್?' ಪುಪ್ಪಸದಲ್ಲಿ ನೀರು ತುಂಬಿಕೊಂಡಿದೆ ಅಂತೀನಿ. 'ಹಂಗಾದ್ರೆ ಸೂಜಿ ಹಾಕಿ ತಗುದ್ಬುಡಿ' ಅಂತಾರೆ. ಸೂಜಿಗೆ ಬರುವ ನೀರಲ್ಲ ಅದು ಅಂತ ಹೇಳುವಷ್ಟರಲ್ಲಿ ಒಳಗಿಂದ ಯಾವುದೋ ಮಿಷನ್ನು ಕೂಗುತ್ತೆ, ನಾನು ಓಡ್ತೀನಿ. 12 ವರ್ಷದಿಂದ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಬಾಗಿಲಲ್ಲಿ ನಿಂತು ಹೇಳೋಕೆ ಪುರುಸೊತ್ತು ಸಿಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೇಷ್ಟ್ರುಗಳು, ಹುಡುಗರು, ಸಂಘಟನೆಯ ಗೆಳೆಯರು ಓದುವ ಪತ್ರಿಕೆ ಇದು. ನಾಳೆ ನಿಮ್ಮ ಕೇರಿಯವರೇ ಯಾರಾದರೂ ಆ ಬಾಗಿಲ ಹೊರಗೆ ಕೂರಬಹುದು.

ಪುಪ್ಪಸದೊಳಗೆ ಕೋಟಿಗಟ್ಟಲೆ ಸಣ್ಣ ಸಣ್ಣ ಗಾಳಿಗೂಡುಗಳಿವೆ. ಒಂದು ಮಗ್ಗುಲಿಗೆ ಗಾಳಿ, ಇನ್ನೊಂದು ಮಗ್ಗುಲಿಗೆ ರಕ್ತ, ನಡುವೆ ಈರುಳ್ಳಿ ಪೊರೆಗಿಂತಲೂ ಎಷ್ಟೋ ಪಾಲು ತೆಳ್ಳಗಿನ ಗೋಡೆ. ಮೈಗೆ ಎಲ್ಲೇ ದೊಡ್ಡ ಪೆಟ್ಟು ಬಿದ್ದರೂ ಈ ಗೋಡೆ ಸೋರಲು ಶುರುವಾಗಬಹುದು. ನ್ಯುಮೋನಿಯ ಆಗಿರಬಹುದು, ರಕ್ತಕ್ಕೆ ನಂಜೇರಿರಬಹುದು, ಸುಟ್ಟ ಗಾಯ ಇರಬಹುದು. ಬರಿಗಾಲಲ್ಲಿ ಗದ್ದೆಗಿಳಿದವನ ಇಲಿಜ್ವರ, ಮಲೇರಿಯ, ಬಾಣಂತಿಯ ನಂಜು, ಕಳೆಗೆ ಹೊಡೆಯುವ ಔಷಧಿ ಕುಡಿದ ರೈತ, ಕೆರೆಗೆ ಬಿದ್ದು ಎತ್ತಿದ ಮಗು, ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಇದೇ ಬಾಗಿಲಿಗೆ. ರಕ್ತದ ನೀರು, ಸಾರು, ಸತ್ತ ಕಣಗಳು ಗೂಡುಗಳಿಗೆ ನುಗ್ಗುತ್ತವೆ. ಆಮೇಲೆ ಎಷ್ಟೇ ಆಕ್ಸಿಜನ್ ಊದಿದರೂ ಅದು ರಕ್ತಕ್ಕೆ ದಾಟುವುದಿಲ್ಲ. ಎಕ್ಸರೇಯಲ್ಲಿ ಕಪ್ಪಗೆ ಕಾಣಬೇಕಾದ ಎರಡೂ ಪುಪ್ಪಸ ಸುಣ್ಣ ಬಳಿದ ಗೋಡೆ ಥರ ಬೆಳ್ಳಗಾಗಿರುತ್ತವೆ.

ಇದಕ್ಕೆ ಹೆಸರು ಸಿಕ್ಕಿದ್ದೇ ಮೊನ್ನೆ ಮೊನ್ನೆ. 1967ರಲ್ಲಿ ಅಮೆರಿಕದ ಡೆನ್ವರ್ ಊರಿನ ಆಶ್‌ಬಾ, ಪೆಟ್ಟಿ ಮತ್ತಿತರ ಡಾಕ್ಟರುಗಳು ಲ್ಯಾನ್ಸೆಟ್ ಪತ್ರಿಕೆಯಲ್ಲಿ 12 ಜನ ರೋಗಿಗಳ ಕಥೆ ಬರೆದರು. ಒಬ್ಬೊಬ್ಬರಿಗೆ ಬಿದ್ದ ಪೆಟ್ಟು ಒಂದೊಂದು, ಆದರೆ ಪುಪ್ಪಸ ಕೆಟ್ಟ ರೀತಿ ಒಂದೇ. ಅವರಲ್ಲಿ 7 ಜನ ಸತ್ತರು. ಅದೇ ಕಾಲಕ್ಕೆ ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಸೈನಿಕರಲ್ಲೂ ಇದನ್ನೇ ಕಂಡು ಅದಕ್ಕೆ ಡಾ ನಾಂಗ್ ಪುಪ್ಪಸ ಅಂತ ಹೆಸರಿಟ್ಟಿದ್ದರು. ಬಾಂಬು ಬಿದ್ದ ಊರಿನವರ ಪುಪ್ಪಸ ಎಷ್ಟು ಕೆಟ್ಟವು ಅಂತ ಅವರ ಪುಸ್ತಕದಲ್ಲಿ ನಾನೆಲ್ಲೂ ಓದಲಿಲ್ಲ.

ಇದಕ್ಕೆ ಔಷಧಿ ಏನು ಅಂತ ಕೇಳಿದರೆ, ಇದಕ್ಕೇ ಅಂತ ಒಂದು ಔಷಧಿ ಇವತ್ತಿಗೂ ಇಲ್ಲ. ನೈಟ್ರಿಕ್ ಆಕ್ಸೈಡ್ ಊದಿ ನೋಡಿದರು, ಕೊಬ್ಬಿಳಿಸುವ ಮಾತ್ರೆ ಕೊಟ್ಟು ನೋಡಿದರು, ಹಸುಗೂಸುಗಳ ಪುಪ್ಪಸಕ್ಕೆ ಹಾಕುವ ಸರ್ಫ್ಯಾಕ್ಟೆಂಟನ್ನು ದೊಡ್ಡವರಿಗೂ ಹಾಕಿ ನೋಡಿದರು. ಸಾಯುವವರ ಲೆಕ್ಕ ಕಡಿಮೆ ಆಗಲಿಲ್ಲ. ಕೆಲವರಿಗೆ ಸ್ಟೀರಾಯ್ಡ್ ಉಪಯೋಗಕ್ಕೆ ಬರುತ್ತೆ. 2020ರಲ್ಲಿ ಆಕ್ಸಿಜನ್ ಬೇಕಾದ ಕೋವಿಡ್ ರೋಗಿಗಳನ್ನು ಉಳಿಸುತ್ತೆ ಅಂತ ಗೊತ್ತಾದ ಡೆಕ್ಸಾಮೆಥಸೋನ್ ಹಳೇ ಔಷಧಿ, ಕೆಲವೇ ರೂಪಾಯಿಯ ಔಷಧಿ. ಇನ್ನು ಎಕ್ಮೊ ಅಂತ ಒಂದಿದೆ. ರಕ್ತವನ್ನೇ ಮೈಯಿಂದ ಹೊರಗೆ ತಂದು, ಆಕ್ಸಿಜನ್ ಬೆರೆಸಿ ವಾಪಸ್ ಕಳಿಸುವ ಮಿಷನ್ನು. ಲಕ್ಷಗಟ್ಟಲೆ ಖರ್ಚು. ನಮ್ಮ ಜನಕ್ಕೆ ಅದು ದೊಡ್ಡ ಮನುಷ್ಯರು ಸಾಯುವಾಗ ಟೀವಿಯಲ್ಲಿ ಕಿವಿಗೆ ಬೀಳುವ ಒಂದು ಪದ, ಅಷ್ಟೇ.

ಹಾಗಾದರೆ ನಾವು ಒಳಗೆ ಮಾಡುವುದೇನು? ಮೂಲ ಕಾಯಿಲೆಗೆ ಮದ್ದು ಕೊಟ್ಟು, ಪುಪ್ಪಸ ತಾನೇ ವಾಸಿಯಾಗುವ ತನಕ ಉಸಿರು ಹಿಡಿದು ಕಾಯುವುದು. ಕಾಯುವಾಗ ನಮ್ಮ ಮಿಷನ್ನಿನಿಂದಲೇ ಆ ಪುಪ್ಪಸವನ್ನು ಹಾಳು ಮಾಡದೆ ಇರುವುದು. ಈ ಎರಡನೇ ಮಾತು ಕಲಿಯೋಕೆ ದೊಡ್ಡ ದೊಡ್ಡ ಡಾಕ್ಟರುಗಳಿಗೇ ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಮೊದಲು ವೆಂಟಿಲೇಟರಿನಿಂದ ಒಂದೊಂದು ಉಸಿರಿಗೂ ಧಾರಾಳವಾಗಿ ಗಾಳಿ ನೂಕುತ್ತಿದ್ದರು. ಕೆಟ್ಟ ಪುಪ್ಪಸ ಪೂರ್ತಿ ಗಟ್ಟಿಯಾಗಿದೆ, ಜೋರಾಗಿ ಊದಿದರೆ ಬಿಡಿಸಿಕೊಳ್ಳುತ್ತೆ ಅಂತ ಲೆಕ್ಕ. ಇಟಲಿಯ ಗಟ್ಟಿನೋನಿ ಅನ್ನುವ ಡಾಕ್ಟರು ಇಂಥ ರೋಗಿಗಳನ್ನು ಸಿ.ಟಿ. ಸ್ಕ್ಯಾನಿಗೆ ಹಾಕಿ ನೋಡಿದಾಗ ಬೇರೆಯೇ ಕಂಡಿತು. ಪುಪ್ಪಸದ ದೊಡ್ಡ ಭಾಗ ಮುಚ್ಚಿಹೋಗಿದೆ, ಗಾಳಿಯಾಡುತ್ತಿರುವ ಉಳಿದ ಭಾಗ ಐದಾರು ವರ್ಷದ ಕೂಸಿನ ಪುಪ್ಪಸದಷ್ಟೇ ಇದೆ. ಅದಕ್ಕೆ ಕೂಸಿನ ಪುಪ್ಪಸ ಅಂತಲೇ ಹೆಸರಾಯಿತು. ದೊಡ್ಡಾಳಿನ ಲೆಕ್ಕದ ಗಾಳಿಯನ್ನು ಕೂಸಿನ ಪುಪ್ಪಸಕ್ಕೆ ನೂಕಿದರೆ ಏನಾದೀತು? ಹರಿದುಹೋಗುತ್ತೆ.

2000ದಲ್ಲಿ ಅಮೆರಿಕದಲ್ಲಿ 861 ರೋಗಿಗಳ ಮೇಲೆ ಇದರ ಪರೀಕ್ಷೆ ಮುಗಿಯಿತು. ಒಂದು ಗುಂಪಿಗೆ ಕಿಲೋಗೆ 12 ಮಿಲಿ ಲೆಕ್ಕದ ಉಸಿರು, ಇನ್ನೊಂದಕ್ಕೆ 6 ಮಿಲಿ. ದೊಡ್ಡ ಉಸಿರಿನವರಲ್ಲಿ ನೂರಕ್ಕೆ 39.8 ಜನ ಸತ್ತರೆ ಸಣ್ಣ ಉಸಿರಿನವರಲ್ಲಿ 31. ಹೊಸ ಮಿಷನ್ನಿಲ್ಲ, ಹೊಸ ಔಷಧಿಯಿಲ್ಲ. ಗುಂಡಿ ತಿರುಗಿಸಿ ಗಾಳಿ ಕಡಿಮೆ ಮಾಡಿದ್ದಕ್ಕೇ ನೂರಕ್ಕೆ ಹತ್ತಿರ ಹತ್ತಿರ ಒಂಬತ್ತು ಜೀವ ಉಳಿಯಿತು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಈ 'ಕಿಲೋ' ಅನ್ನೋದು ತಕ್ಕಡಿಯ ಕಿಲೋ ಅಲ್ಲ, ಎತ್ತರದ ಮೇಲೆ ಲೆಕ್ಕ ಹಾಕುವುದು. ಮನುಷ್ಯ ದಪ್ಪಗಾದರೂ ಸೊರಗಿದರೂ ಪುಪ್ಪಸ ಎತ್ತರಕ್ಕೆ ತಕ್ಕಷ್ಟೇ ಇರುತ್ತೆ. 165 ಸೆಂಟಿಮೀಟರಿನ ಗಂಡಸಿಗೆ ಒಂದು ಉಸಿರು ಸುಮಾರು 370 ಮಿಲಿ. 150 ಸೆಂಟಿಮೀಟರಿನ ಹೆಂಗಸಿಗೆ 260 ಮಿಲಿ. ಅಳೆಯದೆ ಕಣ್ಣಂದಾಜಿನಲ್ಲಿ ಎಲ್ಲರಿಗೂ 500 ಅಂತ ಇಟ್ಟರೆ ಆ ಹೆಂಗಸಿಗೆ ಕಿಲೋಗೆ 11 ಮಿಲಿ ದಾಟುತ್ತೆ, ಅಂದರೆ ಯಾವುದು ಕೊಲ್ಲುತ್ತೆ ಅಂತ 2000ದಲ್ಲೇ ಗೊತ್ತಾಯಿತೋ ಹೆಚ್ಚುಕಮ್ಮಿ ಅದೇ. ಹೊಟ್ಟೆಗಿಲ್ಲದೆ ಬೆಳೆದು ಗಿಡ್ಡವಾಗಿ ಉಳಿದವರು ನಮ್ಮ ಹೆಣ್ಣುಮಕ್ಕಳೇ ಹೆಚ್ಚು. ನನ್ನ ಜೇಬಿನಲ್ಲಿ ಯಾವಾಗಲೂ ದರ್ಜಿಯ ಟೇಪು ಇರುತ್ತೆ, 20 ರೂಪಾಯಿಯದು. ಯಾರೇ ಬರಲಿ, ನೆತ್ತಿಯಿಂದ ಹಿಮ್ಮಡಿಗೆ ಹಿಡಿದು ಅಳೆದು ಕೇಸ್ ಶೀಟಿನ ಮೂಲೆಯಲ್ಲಿ ಬರೀತೀನಿ. 'ಏನಯ್ಯಾ, ಜುಬ್ಬ ಹೊಲೀತೀಯಾ?' ಅಂತ ಹೊಸ ಡಾಕ್ಟರುಗಳು ನಗುತ್ತಾರೆ. ಎರಡು ದಿನ ಆದ ಮೇಲೆ ಅವರೇ ಟೇಪು ಕೇಳುತ್ತಾರೆ.

ಇನ್ನು ಎರಡನೇ ಚಿಕಿತ್ಸೆ. ನಮ್ಮ ಕಡೆ ಯಾರಾದರೂ ದಿವಾಳಿ ಎದ್ದರೆ, ಸಿನಿಮಾ ಓಡದಿದ್ದರೆ 'ಮಕಾಡೆ ಮಲಗಿತು' ಅಂತೀವಿ. ಐಸಿಯುನಲ್ಲಿ ಬದುಕಿಸೋಕೆ ಮಕಾಡೆ ಮಲಗಿಸುತ್ತೇವೆ. ನೆಂದ ಕಂಬಳಿಯನ್ನು ಮಡಿಸಿ ಇಟ್ಟು ನೋಡಿ, ತಳದ ಮಡಿಕೆಯಲ್ಲೇ ನೀರು ಹೆಚ್ಚು. ಅಂಗಾತ ಮಲಗಿದ ರೋಗಿಯ ಪುಪ್ಪಸವೂ ಹಾಗೆಯೇ. ಬೆನ್ನ ಕಡೆಯ ಭಾಗ ತನ್ನದೇ ಭಾರಕ್ಕೆ, ಮೇಲಿನ ಹೃದಯದ ಭಾರಕ್ಕೆ, ಹೊಟ್ಟೆಯ ಒತ್ತಡಕ್ಕೆ ಅಮುಕಿ ಮುಚ್ಚಿಹೋಗಿರುತ್ತೆ. ಪುಪ್ಪಸದ ಹೆಚ್ಚು ಪಾಲು ಇರುವುದೂ ಬೆನ್ನ ಕಡೆಯೇ. ಬೋರಲು ಹಾಕಿದರೆ ಆ ಭಾಗ ಬಿಡಿಸಿಕೊಳ್ಳುತ್ತೆ, ಗಾಳಿ ಸರಿಸಮ ಹಂಚಿಹೋಗುತ್ತೆ. ಪೀಲ್ ಮತ್ತು ಬ್ರೌನ್ ಅನ್ನುವವರು 1976ರಲ್ಲೇ 5 ಜನ ರೋಗಿಗಳಲ್ಲಿ ಇದನ್ನು ಮಾಡಿ ಬರೆದಿದ್ದರು. ಆದರೂ ಜೀವ ಉಳಿಸುತ್ತೆ ಅಂತ ಗಟ್ಟಿಯಾಗಿ ಗೊತ್ತಾಗೋಕೆ 2013 ಬರಬೇಕಾಯಿತು. ಫ್ರಾನ್ಸಿನ ಗೆರಾನ್ ಮತ್ತು ಜೊತೆಯವರು ತೀರಾ ಕೆಟ್ಟ ಸ್ಥಿತಿಯ 466 ರೋಗಿಗಳನ್ನು ತಗೊಂಡರು. ಅರ್ಧ ಜನರನ್ನು ಒಂದೊಂದು ಸಲಕ್ಕೆ ಕನಿಷ್ಠ 16 ಗಂಟೆ ಮಕಾಡೆ ಮಲಗಿಸಿದರು. 28 ದಿನದಲ್ಲಿ ಅಂಗಾತ ಇದ್ದವರಲ್ಲಿ ನೂರಕ್ಕೆ 32.8 ಜನ ಸತ್ತರೆ ಮಕಾಡೆ ಮಲಗಿದವರಲ್ಲಿ 16. ಅರ್ಧಕ್ಕರ್ಧ! ಈ ಕಾಯಿಲೆಯ ಚರಿತ್ರೆಯಲ್ಲೇ ಇಷ್ಟು ದೊಡ್ಡ ಗೆಲುವು ಅಪರೂಪ. ಇದಕ್ಕೆ ಬೇಕಾದದ್ದು ದಿಂಬು, ಬೆಡ್‌ಶೀಟು, ಮತ್ತೆ ಕೈಗಳು.

ಆ ಕೈಗಳ ಕೆಲಸ ಕೇಳಿ. ಕನಿಷ್ಠ ಐದು ಜನ ಬೇಕು. ತಲೆಯ ಹತ್ತಿರ ಒಬ್ಬರು, ಬಾಯಲ್ಲಿರುವ ಟ್ಯೂಬನ್ನು ಹಿಡಿದಿರಬೇಕು. ಅದೊಂದು ಜಾರಿದರೆ ಮುಗೀತು. ಎರಡೂ ಕಡೆ ಇಬ್ಬಿಬ್ಬರು. ಮೊದಲು ಕಣ್ಣಿಗೆ ಮುಲಾಮು ಹಚ್ಚಿ ಪಟ್ಟಿ ಅಂಟಿಸುತ್ತೇವೆ, ಇಲ್ಲದಿದ್ದರೆ ಕಣ್ಣು ಒರೆಸಿಕೊಂಡು ಹುಣ್ಣಾಗುತ್ತೆ. ಬಾಯಿ, ಗಂಟಲು ಸಕ್ಷನ್ ಮಾಡಿ ಕಫ ತೆಗೀತೀವಿ. ಎದೆಯ ಮೇಲೆ, ಸೊಂಟದ ಮೇಲೆ ದಿಂಬು ಇಟ್ಟು ಮೇಲೊಂದು ಬೆಡ್‌ಶೀಟು ಹೊದಿಸಿ, ಕೆಳಗಿನದನ್ನೂ ಮೇಲಿನದನ್ನೂ ಸೇರಿಸಿ ಕಡುಬಿನ ಅಂಚು ಸುತ್ತಿದ ಹಾಗೆ ಸುತ್ತುತ್ತೇವೆ. ತಲೆ ಹಿಡಿದವರು ಒಂದು, ಎರಡು, ಮೂರು ಅಂತಾರೆ. ಮೊದಲು ಮಂಚದ ಅಂಚಿಗೆ ಸರಿಸುವುದು, ಆಮೇಲೆ ಮಗ್ಗುಲು, ಆಮೇಲೆ ಬೋರಲು. ತಿರುಗಿಸಿದ ಮೇಲೆ ಕೆಲಸ ಶುರು. ಎರಡು ಗಂಟೆಗೊಮ್ಮೆ ಮುಖವನ್ನು ಆ ಕಡೆ ಈ ಕಡೆ ಹೊರಳಿಸಬೇಕು, ಈಜುವವನ ಹಾಗೆ ಒಂದು ಕೈ ಮೇಲೆ ಒಂದು ಕೈ ಕೆಳಗೆ ಬದಲಿಸಬೇಕು. ಹಣೆ, ಕೆನ್ನೆ, ಗಲ್ಲ, ಮಂಡಿ ಎಲ್ಲಿ ಕೆಂಪಾಗಿದೆ ನೋಡಬೇಕು. ಬಾಯಿಂದ ಸುರಿಯುವ ಜೊಲ್ಲು ಒರೆಸಬೇಕು. ಮಲಮೂತ್ರ ತೆಗೆಯಬೇಕು. ಹೀಗೆ 16 ಗಂಟೆ. ಆಮೇಲೆ ಮತ್ತೆ ಐದು ಜನ ಸೇರಿ ಅಂಗಾತ ಹಾಕಬೇಕು. ನಾಳೆ ಮತ್ತೆ ಇದೇ.

ಫ್ರಾನ್ಸಿನ ಆ ಲೇಖನದಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ಮಾತಿದೆ. ಆ ಐಸಿಯುಗಳೆಲ್ಲ ಐದು ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸದಲ್ಲಿ ಪಳಗಿದವು. ಅಂದರೆ ಗೆದ್ದದ್ದು ಪಳಗಿದ ಕೈ. ಇಷ್ಟಾಗಿಯೂ 2016ರಲ್ಲಿ 50 ದೇಶಗಳ 459 ಐಸಿಯುಗಳ ಲೆಕ್ಕ ಬಂದಾಗ, ತೀರಾ ಕೆಟ್ಟ ಸ್ಥಿತಿಯ ರೋಗಿಗಳಲ್ಲೂ ಮಕಾಡೆ ಮಲಗಿಸಿದ್ದು ನೂರಕ್ಕೆ 16 ಜನರನ್ನು ಮಾತ್ರ. ಕೋಟಿ ರೂಪಾಯಿಯ ಚಿಕಿತ್ಸೆ ಅಲ್ಲ ಇದು. ದುಡ್ಡಿದ್ದ ದೇಶಗಳಲ್ಲೂ ಮಾಡಲಿಲ್ಲ. ಯಾಕೆ? ಮಾರುವವರು ಇಲ್ಲದ ಚಿಕಿತ್ಸೆಯ ಪರವಾಗಿ ಮಾತಾಡೋಕೆ ಯಾರೂ ಬರುವುದಿಲ್ಲ ಅನ್ನೋದು ನನ್ನ ಅನುಮಾನ. ವೆಂಟಿಲೇಟರ್ ಬಂದರೆ ಮಂತ್ರಿ ಬಂದು ಟೇಪು ಕತ್ತರಿಸುತ್ತಾರೆ. ಎರಡು ಆಯಮ್ಮಂದಿರನ್ನು ಹೆಚ್ಚಿಗೆ ಕೊಡಿ ಅಂದರೆ ಫೈಲು ಮಲಗುತ್ತೆ, ಅದೂ ಮಕಾಡೆ.

ಕೋವಿಡ್ ಬಂದಾಗ ಈ ವಿದ್ಯೆ ಎಲ್ಲರಿಗೂ ಗೊತ್ತಾಯಿತು. ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. 2021ರ ಮೇ 2-3ರಂದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಹೋದ ರಾತ್ರಿಯ ಸುತ್ತ ಒಂದು ದಿನದೊಳಗೆ 24 ಜನ ಸತ್ತರು. ಆಕ್ಸಿಜನ್ ಇಲ್ಲದೆ ಸತ್ತವರು ಇಷ್ಟೇ, ಅಲ್ಲ ಅಷ್ಟು ಅಂತ ಆಮೇಲೆ ಹೆಣಗಳ ಲೆಕ್ಕದ ಜಗಳವಾಯಿತು. ಅದೇ ವರ್ಷ ಜೂನ್ 11ಕ್ಕೆ ನಮ್ಮ ಕವಿ ಸಿದ್ಧಲಿಂಗಯ್ಯನವರನ್ನೂ ಕೋವಿಡ್ ತಗೊಂಡು ಹೋಯಿತು. ಆ ಸುದ್ದಿ ಬಂದಾಗ ನಾನು ಪ್ಲಾಸ್ಟಿಕ್ ಅಂಗಿಯೊಳಗೆ ಬೆವರಿಳಿಸಿಕೊಂಡು ಯಾರದೋ ತಲೆ ಹಿಡಿದು ನಿಂತಿದ್ದೆ. ಎಣಿಸೋದು ನಿಲ್ಲಿಸುವ ಹಾಗಿರಲಿಲ್ಲ.

ಈಗ ಆ ಕೈಗಳು ಯಾರವು ಅಂತ ನೋಡೋಣ. ನಮ್ಮ ಐಸಿಯುನಲ್ಲಿ ತಿರುಗಿಸುವಾಗ ಒಬ್ಬರು ಡಾಕ್ಟರು, ಒಬ್ಬರೋ ಇಬ್ಬರೋ ನರ್ಸುಗಳು. ಉಳಿದವರು ಹೊರಗುತ್ತಿಗೆಯ ವಾರ್ಡಿನ ಹುಡುಗರು, ಆಯಮ್ಮಂದಿರು. ಹಾಜರಿ ಪುಸ್ತಕದಲ್ಲಿ ಅವರ ಕೆಲಸ 'ಸ್ವಚ್ಛತೆ'. ರೋಗಿ ತಿರುಗಿಸೋದು ಅವರ ಕೆಲಸ ಅಂತ ಯಾವ ಕಾಗದದಲ್ಲೂ ಇಲ್ಲ. ಹಾಗಾಗಿ ಅದಕ್ಕೆ ತರಬೇತಿಯೂ ಇಲ್ಲ, ದುಡ್ಡೂ ಇಲ್ಲ. ಹತ್ತರಲ್ಲಿ ಎಂಟು ಜನ ನಮ್ಮ ಕೇರಿಗಳಿಂದ ಬಂದವರು. ಇದು ನಾನೇ ನಮ್ಮ ವಾರ್ಡಿನಲ್ಲಿ ಎಣಿಸಿದ ಲೆಕ್ಕ, ಸರ್ಕಾರದ ಲೆಕ್ಕವಲ್ಲ. ಅವರಲ್ಲಿ ಒಬ್ಬ ಹಿರಿಯ ಹೆಂಗಸನ್ನು ನಾನು ದೊಡ್ಡವ್ವ ಅಂತೀನಿ. ಓದು ಬರಹ ಇಲ್ಲ. ರೋಗಿಯ ಉಗುರಿನ ಬಣ್ಣ ನೋಡಿ, ಮಿಷನ್ನು ಕೂಗುವುದಕ್ಕೆ ಮೊದಲೇ 'ಮಗ, ಇವನ್ ಗಂಟ್ಲಲ್ಲಿ ಏನೋ ಸಿಗಾಕಂಡದೆ ನೋಡು' ಅಂತ ಹೇಳಿದ್ದು ಎಷ್ಟು ಸಲವೋ.

ಒಮ್ಮೆ ಊರಿನ ದೊಡ್ಡ ಕುಳವೊಂದು ನಮ್ಮಲ್ಲಿ ಒಂಬತ್ತು ದಿನ ಇತ್ತು. ಒಂಬತ್ತು ದಿನವೂ ಆ ದೊಡ್ಡವ್ವನೇ ತೊಳೆದದ್ದು, ತಿರುಗಿಸಿದ್ದು. ಟ್ಯೂಬು ತೆಗೆದು ಮಾರನೇ ದಿನ ಅವಳು ಚಮಚದಲ್ಲಿ ನೀರು ಹಿಡಿದರೆ ಆ ಮನುಷ್ಯ ಬಾಯಿ ಬಿಗಿದುಕೊಂಡ. ಮಗ ಬಂದು ನನ್ನ ಹತ್ತಿರ ಮೆಲ್ಲಗೆ ಹೇಳಿದ: 'ಬ್ರದರ್, ನೀವೇ ಕುಡಿಸಿ, ಆಯಮ್ಮನ ಕೈಲಿ ಬೇಡ.' ನನ್ನ ಜಾತಿ ಅವನಿಗೆ ಗೊತ್ತಿರಲಿಲ್ಲ, ಬಿಳೀ ಕೋಟು ಅಷ್ಟು ಕೆಲಸ ಮಾಡುತ್ತೆ. ಟ್ಯೂಬು ತೆಗೆದ ಮೇಲೆ ಮೊದಲು ಉಸಿರು ವಾಪಸ್ ಬರುತ್ತೆ, ಆಮೇಲೆ ದನಿ, ಆಮೇಲೆ ಜಾತಿ. ನಾನು ಆ ಮಗನಿಗೆ ನನ್ನ ಕೇರಿಯ ಹೆಸರು ಹೇಳಿ ಚಮಚ ತಗೊಂಡೆ. ಅಪ್ಪ ಕುಡಿದ. ಬಾಯಾರಿತ್ತಲ್ಲ.

ಲೆಕ್ಕದ ಮಾತಿಗೆ ಬರುತ್ತೇನೆ. ಬರ್ಲಿನ್ನಿನಲ್ಲಿ ಸೇರಿದ್ದ ತಜ್ಞರು ಯಾವುದನ್ನು ಎ.ಆರ್.ಡಿ.ಎಸ್. ಅನ್ನಬೇಕು ಅಂತ ಮಾಡಿದ ನಿಯಮ 2012ರಲ್ಲಿ ಅಚ್ಚಾಯಿತು. ರೋಗಿಗೆ ವೆಂಟಿಲೇಟರ್ ಒತ್ತಡ ಕೊಡುತ್ತಿರಬೇಕು, ಧಮನಿಯ ರಕ್ತ ತೆಗೆದು ಆಕ್ಸಿಜನ್ ಅಳೆದಿರಬೇಕು, ಎಕ್ಸರೇ ಅಥವಾ ಸ್ಕ್ಯಾನ್ ಇರಬೇಕು. ಸರಿಯಪ್ಪ, ಇವು ಯಾವುವೂ ಇಲ್ಲದ ಊರಲ್ಲಿ? ಆಫ್ರಿಕಾದ ರುವಾಂಡಾ ದೇಶದ ಕಿಗಾಲಿಯಲ್ಲಿ ಕೆಲವರು ಈ ಪ್ರಶ್ನೆ ಕೇಳಿದರು. 2016ರಲ್ಲಿ ಅವರ ವರದಿ ಬಂತು. ಆಸ್ಪತ್ರೆ ಸೇರಿದ 1046 ಜನರಲ್ಲಿ ಬರ್ಲಿನ್ ನಿಯಮದ ಪ್ರಕಾರ ಈ ಕಾಯಿಲೆ ಇದ್ದವರು ಒಬ್ಬರೂ ಇಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು, ಅಲ್ಟ್ರಾಸೌಂಡು ಇಟ್ಟುಕೊಂಡು ನೋಡಿದರೆ 42 ಜನ. ಆ 42ರಲ್ಲಿ ಐಸಿಯು ಮಂಚ ಸಿಕ್ಕಿದ್ದು ಮೂರರಲ್ಲಿ ಒಬ್ಬರಿಗೂ ಇಲ್ಲ. ಸತ್ತವರು ಅರ್ಧ. ಮಿಷನ್ನು ಇಲ್ಲದವನಿಗೆ ಕಾಯಿಲೆಯೂ ಇಲ್ಲ ಅಂತ ಪುಸ್ತಕ ಹೇಳುತ್ತಿತ್ತು, ಜನ ಸಾಯುತ್ತಿದ್ದರು! ಬಡವರ ದೇಶದವರು ಹೀಗೆ ಹಟ ಹಿಡಿದ ಮೇಲೆ ನಿಯಮ ಬದಲಾಯಿತು. 2024ರಲ್ಲಿ ಅಚ್ಚಾದ ಹೊಸ ವ್ಯಾಖ್ಯೆಯಲ್ಲಿ ಆಕ್ಸಿಮೀಟರಿನ ಲೆಕ್ಕಕ್ಕೂ ಜಾಗ ಸಿಕ್ಕಿದೆ.

ಆ ಆಕ್ಸಿಮೀಟರಿನಲ್ಲೂ ಒಂದು ಕಿತಾಪತಿ ಇದೆ, ಮೇಷ್ಟ್ರುಗಳು ಇದನ್ನು ನೆನಪಿಡಬೇಕು. ಅದು ಬೆರಳಿನ ಮೂಲಕ ಬೆಳಕು ಹಾಯಿಸಿ ಅಳೆಯುವ ವಸ್ತು. 2020ರಲ್ಲಿ ಅಮೆರಿಕದ ಮಿಷಿಗನ್ನಿನ ಡಾಕ್ಟರುಗಳು ತೋರಿಸಿದರು: ಮೀಟರು 92ರಿಂದ 96 ಅಂತ ಸಮಾಧಾನ ಹೇಳುತ್ತಿದ್ದಾಗ, ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕೆಳಗೆ ಇಳಿದಿದ್ದದ್ದು ಬಿಳಿಯರಲ್ಲಿ ನೂರಕ್ಕೆ 3.6 ಸಲವಾದರೆ ಕರಿಯರಲ್ಲಿ 11.7 ಸಲ. ಕಪ್ಪು ಚರ್ಮದ ಸಂಕಟ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಬಿಸಿಲಲ್ಲಿ ಬೆಂದ ನಮ್ಮ ಬೆರಳುಗಳನ್ನು ಅದಕ್ಕೆ ಸಿಕ್ಕಿಸುವಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತೆ. ಮೀಟರು 94 ಅಂದರೂ ಮನುಷ್ಯ ಮಾತು ಮುಗಿಸಲಾರದೆ ಏದುಸಿರು ಬಿಡುತ್ತಿದ್ದರೆ ಮನುಷ್ಯನನ್ನೇ ನಂಬಿ, ಗಾಡಿ ಹತ್ತಿಸಿ.

2024ರ ಮಳೆಗಾಲದಲ್ಲಿ ನಮ್ಮಲ್ಲಿಗೆ ಒಬ್ಬ ಹುಡುಗನನ್ನು ತಂದರು. 26 ವಯಸ್ಸು. ತಂದ ಮೇಸ್ತ್ರಿ ಹೇಳಿದ, 'ನೀರಿನ ತೊಟ್ಟಿ ತೊಳೀವಾಗ ಕಾಲು ಜಾರಿ ಬಿದ್ದ ಸಾರ್.' ಹುಡುಗನ ಮೈಯ ವಾಸನೆ ಬೇರೆ ಹೇಳುತ್ತಿತ್ತು. ಗುಂಡಿಯ ಗಾಳಿ ಅಂದರೆ ಹೈಡ್ರೋಜನ್ ಸಲ್ಫೈಡ್. ಮೊದಲು ಕೊಳೆತ ಮೊಟ್ಟೆಯ ನಾತ ಬರುತ್ತೆ. ಗಾಳಿ ದಟ್ಟವಾದರೆ ಮೂಗೇ ಸತ್ತುಹೋಗಿ ನಾತ ಗೊತ್ತಾಗುವುದೇ ನಿಲ್ಲುತ್ತೆ, ಅಪಾಯ ಹೋಯಿತು ಅಂದುಕೊಂಡ ಗಳಿಗೆಯಲ್ಲಿ ಆಳು ಬಿದ್ದಿರುತ್ತಾನೆ. ಎತ್ತೋಕೆ ಇಳಿದವನೂ ಬೀಳುತ್ತಾನೆ. ಬದುಕಿ ಬಂದವನ ಪುಪ್ಪಸದ ಗೋಡೆಗಳನ್ನು ಆ ಗಾಳಿ ಸುಟ್ಟಿರುತ್ತೆ, ಕೆಲವು ಗಂಟೆ ಕಳೆದ ಮೇಲೆ ನೀರು ತುಂಬೋಕೆ ಶುರುವಾಗುತ್ತೆ. ಜೊತೆಗೆ ಬಿದ್ದಾಗ ಒಳಗೆಳೆದುಕೊಂಡ ರೊಚ್ಚು. ಡಾಕ್ಟರು ಟ್ಯೂಬು ಹಾಕಿ ರಕ್ತ ತೆಗೆದು ನೋಡಿದರೆ ಆಕ್ಸಿಜನ್ ಅನುಪಾತ 78. ಒಳ್ಳೇ ಪುಪ್ಪಸಕ್ಕೆ ಅದು 400ರ ಮೇಲಿರಬೇಕು, 100ಕ್ಕೆ ಇಳಿದರೇ ತೀವ್ರ ಅಂತ ಲೆಕ್ಕ.

ಅಳೆದೆ. 165 ಸೆಂಟಿಮೀಟರ್. 370 ಮಿಲಿ ಇಟ್ಟೆವು. ಮಕಾಡೆ ಹಾಕೋಕೆ ಸಿದ್ಧ ಮಾಡುವಾಗ ದೊಡ್ಡವ್ವ ಅವನ ಬೆರಳಿನ ಉಂಗುರ ಬಿಚ್ಚೋಕೆ ಹೋದಳು. ಬಿಚ್ಚಿದವಳು ಅದನ್ನೇ ನೋಡುತ್ತ ನಿಂತಳು. ಬೆಳ್ಳಿ ಉಂಗುರ, ಇದ್ದಿಲಿನ ಹಾಗೆ ಕಪ್ಪಗಾಗಿತ್ತು. 'ಗುಂಡಿ ಗಾಳಿ ಹಿಡದ್ರೆ ಬೆಳ್ಳಿ ಹಿಂಗೇ ಆಯ್ತದೆ ಮಗ. ನಮ್ಮನೇರ ತಾಯ್ತನೂ ಹಿಂಗೇ ಆಗಿತ್ತು' ಅಂದಳು. ಅವಳ ಗಂಡ ಹೇಗೆ ಸತ್ತ ಅಂತ ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದ ನಮಗೆ ಅವತ್ತೇ ಗೊತ್ತಾದದ್ದು. ಅವನದ್ದು ಯಾವ ಲೆಕ್ಕದಲ್ಲೂ ಬರಲಿಲ್ಲವಂತೆ. ಹೃದಯಾಘಾತ ಅಂತ ಬರೆದು ಕಳಿಸಿದ್ದರಂತೆ.

ಡ್ಯೂಟಿಯಲ್ಲಿದ್ದ ಪಿ.ಜಿ. ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಆದರೆ ಗಟ್ಟಿಗಿತ್ತಿ. ಉಂಗುರವನ್ನು ಕವರಿಗೆ ಹಾಕಿ ಅಂಟಿಸಿ ಸಹಿ ಮಾಡಿದರು. ಎಂ.ಎಲ್.ಸಿ. ಪುಸ್ತಕದಲ್ಲಿ 'ಮಲದ ಗುಂಡಿಯ ಗಾಳಿ ಸೇವನೆ, ರೊಚ್ಚು ನೀರು ಪುಪ್ಪಸಕ್ಕೆ' ಅಂತ ಬರೆದು ಪೊಲೀಸ್ ಠಾಣೆಗೆ ತಿಳಿಸಿದರು. ಮೇಸ್ತ್ರಿ ಆಚೆ ಹೋಗಿ ಫೋನು ಮಾಡಿದ, ಸಂಜೆ ಹೊತ್ತಿಗೆ ಇನ್ಯಾರೋ ಇಸ್ತ್ರಿ ಬಟ್ಟೆಯವರು ಬಂದು 'ಮೇಡಂ, ಸುಮ್ನೆ ಉಸಿರಾಟದ ತೊಂದರೆ ಅಂತ ಬರೀರಿ, ಖರ್ಚೆಲ್ಲ ನಾವು ನೋಡ್ಕೋತೀವಿ' ಅಂದರು. ಡಾಕ್ಟರಮ್ಮ ತಲೆ ಎತ್ತಲಿಲ್ಲ. ಸರ್ಕಾರಿ ಆಸ್ಪತ್ರೆಯ ಮಂಚಕ್ಕೆ ಇವರು ನೋಡಿಕೊಳ್ಳುವ ಖರ್ಚು ಯಾವುದೋ!

ಆ ಒಂದು ಸಾಲಿಗೆ ಯಾಕೆ ಇಷ್ಟು ಬೆಲೆ? 1973ರಲ್ಲಿ ಬೂಸಾ ಮಾತಿಗೆ ಬೆಂಕಿ ಹತ್ತಿದ್ದು ನಮ್ಮ ಓದುಗರಿಗೆಲ್ಲ ಗೊತ್ತು. ಅದೇ ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು ಅಷ್ಟು ಜನಕ್ಕೆ ನೆನಪಿಲ್ಲ. ಆಮೇಲೆ 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೊಂದು. ರಕ್ಷಣೆಯ ಸಾಧನವಿಲ್ಲದೆ ಮನುಷ್ಯರನ್ನು ಗುಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಶಾಶ್ವತವಾಗಿ ಅಂಗವಿಕಲರಾದರೆ 20 ಲಕ್ಷ, ಬೇರೆ ಥರದ ಊನಕ್ಕೆ 10 ಲಕ್ಷಕ್ಕೆ ಕಡಿಮೆಯಿಲ್ಲದಂತೆ. ಆದರೆ ಕೇಸ್ ಶೀಟಿನಲ್ಲಿ ಗುಂಡಿ ಇಲ್ಲದಿದ್ದರೆ ಕೋರ್ಟಿನ ಮಾತಿಗೆ ಹಿಡಿಯೋಕೆ ಜುಟ್ಟೇ ಇಲ್ಲ. ಸಂಘಟನೆಯ ಗೆಳೆಯರಿಗೆ ನನ್ನ ಕೋರಿಕೆ ಇಷ್ಟೇ: ಇಂಥ ಸುದ್ದಿ ಕಿವಿಗೆ ಬಿದ್ದರೆ ಗುಂಡಿಯ ಹತ್ತಿರಕ್ಕೆ ಓಡಿದ ಹಾಗೆಯೇ ಆಸ್ಪತ್ರೆಗೂ ಓಡಿ ಬನ್ನಿ. ಮೊದಲ ದಿನವೇ ಎಂ.ಎಲ್.ಸಿ.ಯಲ್ಲಿ ಏನು ಬರೆದಿದೆ ಕೇಳಿ. ಉಂಗುರ, ತಾಯಿತ, ಜೇಬಿನ ಚಿಲ್ಲರೆ, ಬಟ್ಟೆ ಯಾವುದನ್ನೂ ತೊಳೆಯೋಕೆ ಬಿಡಬೇಡಿ.

ಹುಡುಗನನ್ನು ನಾಲ್ಕು ಸಲ ಮಕಾಡೆ ಹಾಕಿದೆವು, ಪ್ರತಿ ಸಲವೂ 16 ಗಂಟೆ. ಮೊದಲ ರಾತ್ರಿ ಹಾಕಿದ ಒಂದು ಗಂಟೆಗೆ ಅನುಪಾತ 78ರಿಂದ 130ಕ್ಕೆ ಬಂತು, ಅಂಗಾತ ಹಾಕಿದರೆ ಮತ್ತೆ ಇಳಿಯಿತು. ಎರಡನೇ ದಿನ ಜ್ವರ, ಮೂರನೇ ದಿನ ಬಿ.ಪಿ. ಬಿತ್ತು. ದೊಡ್ಡವ್ವ ಪಾಳಿ ಮುಗಿದರೂ ಮನೆಗೆ ಹೋಗದೆ ಅವನ ಕೆನ್ನೆಯ ಕೆಳಗಿನ ಬಟ್ಟೆ ಬದಲಿಸುತ್ತ ಕೂತಿದ್ದಳು. ಐದನೇ ದಿನ ಅನುಪಾತ 200 ದಾಟಿತು. 13ನೇ ದಿನ ಟ್ಯೂಬು ತೆಗೆದೆವು. ಅವನ ಮೊದಲ ಮಾತು ಅವನ ಜೊತೆ ಇಳಿದವನ ಹೆಸರು. ಆ ಇನ್ನೊಬ್ಬ ಗುಂಡಿಯಲ್ಲೇ ಹೋಗಿದ್ದ. ನಾವು ಯಾರೂ ಉತ್ತರ ಹೇಳಲಿಲ್ಲ, ಅವನೂ ಇನ್ನೊಮ್ಮೆ ಕೇಳಲಿಲ್ಲ.

ಬದುಕಿಸಿದೆವು ಅಂತ ನಾವು ಚಪ್ಪಾಳೆ ತಟ್ಟಿಕೊಳ್ಳುವ ಜಾಗದಲ್ಲಿ ಕೂಲಿಯವನ ಕಷ್ಟ ಶುರುವಾಗುತ್ತೆ. ಕೆನಡಾದ ಟೊರಾಂಟೋದಲ್ಲಿ ಈ ಕಾಯಿಲೆಯಿಂದ ಬದುಕಿದ 109 ಜನರನ್ನು ಹಿಂಬಾಲಿಸಿ ನೋಡಿ 2003ರಲ್ಲಿ ಬರೆದರು. ವರ್ಷ ಕಳೆಯುವ ಹೊತ್ತಿಗೆ ಊದುವ ಪರೀಕ್ಷೆಯಲ್ಲಿ ಪುಪ್ಪಸ ಹೆಚ್ಚುಕಮ್ಮಿ ಸರಿ, ಆದರೆ ಮಾಂಸಖಂಡ ಸವೆದುಹೋಗಿ ನಡೆಯೋಕೆ ಆಗದು. ಕೆಲಸಕ್ಕೆ ಮರಳಿದವರು ಅರ್ಧ ಮಾತ್ರ. ಕುರ್ಚಿಯ ಮೇಲೆ ಕೂತು ದುಡಿಯುವವರೂ ಸೇರಿದ ಲೆಕ್ಕ ಅದು. ಮೈಯನ್ನೇ ಬಾಡಿಗೆಗೆ ಕೊಟ್ಟು ಬದುಕುವವನ ಕಥೆ?

ಪರಿಹಾರದ ಅರ್ಜಿ ಹಾಕಿಸಿದೆವು. ಕಚೇರಿಯವರು ಅಂಗವಿಕಲತೆ ಶೇಕಡ ಎಷ್ಟು, ಸರ್ಟಿಫಿಕೇಟು ತನ್ನಿ ಅಂದರು. 2016ರ ಕಾಯಿದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ. ಕಣ್ಣಿದೆ, ಕಿವಿಯಿದೆ, ಕೈಕಾಲಿದೆ, ರಕ್ತದ ಕಾಯಿಲೆಗಳೂ ಇವೆ. ಪುಪ್ಪಸ ಇಲ್ಲ. ಪಟ್ಟಿಯನ್ನು ಎರಡು ಸಲ ಬೆರಳಿಟ್ಟು ಓದಿದೆ. ಕೋರ್ಟು ಊನಕ್ಕೆ ದುಡ್ಡು ಕೊಡು ಅನ್ನುತ್ತೆ, ಉಸಿರಿನ ಊನ ಬರೆಯೋಕೆ ಫಾರಮ್ಮಿನಲ್ಲಿ ಕಾಲಮ್ಮೇ ಇಲ್ಲ. ಕೊನೆಗೆ ಡಾಕ್ಟರಮ್ಮ ಬೇರೆ ಹಾಳೆಯ ಮೇಲೆ ಬರೆದು ಕೊಡ್ತೀನಿ, ಅಳತೆ ಮಾಡಿ ಅಂದರು.

ಮೂರು ತಿಂಗಳಿಗೆ ಅವನು ಬಂದ. ವಾರ್ಡಿನ ಹೊರಗಿನ ಕಾರಿಡಾರು 30 ಮೀಟರ್. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾನೆ ಅಂತ ನೋಡುವ ಪರೀಕ್ಷೆ ಅದು, ಮಿಷನ್ನು ಬೇಡ, ಗಡಿಯಾರ ಸಾಕು. ಮೂರು ನಿಮಿಷಕ್ಕೆ ಗೋಡೆ ಹಿಡಿದ. ಕೂರು ಅಂದರೆ ಕೂರಲಿಲ್ಲ. ಮತ್ತೆ ನಡೆದ. ಒಂಬತ್ತು ಸಲ ದಾಟಿದ, 270 ಮೀಟರ್. ಆಕ್ಸಿಮೀಟರು 86 ತೋರಿಸಿತು. ಡಾಕ್ಟರಮ್ಮ ಎರಡೂ ಅಂಕಿ ಬರೆದು, ಮೇಲೆ ಗುಂಡಿಯ ಮಾತು ಬರೆದು, ಸೀಲು ಹಾಕಿದರು. ದೊಡ್ಡವ್ವ ಅಲ್ಲೇ ನಿಂತಿದ್ದಳು, 'ಉಂಡ್ಯಾ ಕಂದ?' ಅಂದಳು. ಅವನು ಹೂಂ ಅಂದು, ಹಾಳೆಯನ್ನು ಮಡಿಸದೆ ಹಿಡಿದುಕೊಂಡು ಗೇಟಿನ ಹತ್ತಿರದ ಅಂಗಡಿಗೆ ಹೋಗಿ ಮೂರು ಜೆರಾಕ್ಸ್ ಮಾಡಿಸಿದ.